ಬಳಗಕ್ಕೆ ಮರಳಿದ ಬಾತುಕೋಳಿ



ಈ ಸಂಚಿಕೆಯಲ್ಲಿ ಒಂದು ಬಾತುಕೋಳಿಯ ವಿಷಯವನ್ನು ಬರೆಯಹೊರಟಿದ್ದೇವೆ. ಆಚಾರ, ಪೂಜೆ, ವಚನಾರ್ಥಗಳ ವಿಚಾರವನ್ನು ನಿರೀಕ್ಷಿಸಿ ಈ ಪುಟವನ್ನು ತೆರೆಯುವ ಸದ್ಭಕ್ತರಿಗೆ ಇದು ತೀರ ಸಣ್ಣ ಸಂಗತಿಯೆನಿಸಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು. ಆ ಬಾತುವಿನ ವಿಷಯದಲ್ಲಿ ನಾವೇ ಒಂದು ತಪ್ಪು ಸಲಹೆಯನ್ನು ಕೊಟ್ಟು, ಅದರ ಫಲವನ್ನು ಕಣ್ಣಾರೆ ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ.

ದಾವಣಗೆರೆಯ ನಿಟ್ಟುವಳ್ಳಿ ಒಂದು ಕಾಲಕ್ಕೆ ಪ್ರತ್ಯೇಕ ಹಳ್ಳಿ. ಈಗ ನಗರವೇ ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆದರೂ ಕೆಲವು ಹಳೆಯ ಮನೆಗಳಿಗೆ ಇನ್ನೂ ಹಿತ್ತಲು ಉಳಿದಿದೆ. ಅಲ್ಲಿ ಒಂದು ನುಗ್ಗೆಮರ, ಕರಿಬೇವಿನ ಗಿಡ, ಒಗೆಯುವ ಕಲ್ಲು, ನೀರಿನ ತೊಟ್ಟಿಗಳನ್ನು ಇಂದಿಗೂ ಕಾಣಬಹುದು. ಅಂತಹ ಒಂದು ಮನೆಯ ಭಕ್ತರು ಕಳೆದ ಶ್ರಾವಣದಲ್ಲಿ ನಮ್ಮನ್ನು ಪ್ರಸಾದಕ್ಕೆ ಆಹ್ವಾನಿಸಿದ್ದರು. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ ಮತ್ತು ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಇದ್ದಾರೆ. ಅಜ್ಜಿಯು ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಕಳೆದಿದ್ದವು. ಅವರು ಒಳಕೋಣೆಯಲ್ಲಿ ಮಲಗಿದ್ದರು.

ನಮ್ಮ ಸಮಾಜದ ಮನೆಯಲ್ಲಿ ಕೋಳಿ, ಬಾತುಗಳೇಕೆ ಎಂಬ ಪ್ರಶ್ನೆ ಓದುಗರಲ್ಲಿ ಹುಟ್ಟುವುದು ಸಹಜ. ಆ ಕುಟುಂಬದವರು ಶಾಕಾಹಾರಿಗಳು. ಪಕ್ಷಿಗಳನ್ನು ಸಾಕಿರುವುದು ಕೇವಲ ಪ್ರೀತಿಗಾಗಿ. ಭದ್ರಾ ನಾಲೆಯ ನೀರುಣ್ಣುವ ಈ ಭಾಗದ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಬಾತು ಮೇಯಿಸುವವರು ಹಿಂಡುಗಳೊಡನೆ ಬಂದು ಬಿಡಾರ ಹೂಡುವುದುಂಟು. ಉದುರಿದ ಕಾಳು, ಹುಳು, ಬಸವನಹುಳುಗಳು ಬಾತುಗಳಿಗೆ ಮೇವಾಗುತ್ತವೆ, ಗದ್ದೆಗೆ ಗೊಬ್ಬರವೂ ಆಗುತ್ತದೆ. ಹಾಗೆ ಬಂದವರೊಬ್ಬರು ಗದ್ದೆಯಲ್ಲಿ ಕುಣಿದಾಡುತ್ತಿದ್ದ ಈ ಮಗುವಿಗೆ ಮೂರು ಮೊಟ್ಟೆಗಳನ್ನು ಕೊಟ್ಟರಂತೆ. ಮನೆಯಲ್ಲಿ ಕಾವಿಗೆ ಕುಳಿತಿದ್ದ ನಾಟಿ ಕೋಳಿಯ ಕೆಳಗೆ ಅವುಗಳನ್ನು ಇರಿಸಿದರು. ಕೋಳಿಮರಿ 21 ದಿನಗಳಲ್ಲಿ ಹೊರಬಂದರೆ ಬಾತುಮರಿಗೆ 28 ದಿನಗಳು ಬೇಕು. ಆ ತಾಯಿಕೋಳಿಯು ತನ್ನ ಲೆಕ್ಕಕ್ಕಿಂತ ಒಂದು ವಾರ ಹೆಚ್ಚಾಗಿ ಕುಳಿತು ಮೂರನ್ನೂ ಮರಿಮಾಡಿತು. ಮರಿಗಳು ಮೊದಲ ಸಲ ನೀರಿನ ತೊಟ್ಟಿಗೆ ಇಳಿದಾಗ ತಾಯಿಯು ದಡದಲ್ಲಿ ನಿಂತು ಅರಚಿಕೊಂಡುದನ್ನು ಮನೆಯವರೆಲ್ಲರೂ ನಗುತ್ತ ಹೇಳುತ್ತಾರೆ. ಹೀಗೆ ಒಂದು ಹುಂಜ, ಆರು ಹೇಂಟೆಗಳು, ಎರಡು ಹೆಣ್ಣುಬಾತು, ಒಂದು ಗಂಡುಬಾತುಗಳ ಮಿಶ್ರ ಬಳಗ ಆ ಹಿತ್ತಲಿನಲ್ಲಿ ಬೆಳೆಯಿತು. ಹೆಣ್ಣುಬಾತುಗಳಲ್ಲಿ ಚಿಕ್ಕದಕ್ಕೆ ಮಗುವು ಚುಕ್ಕಿ ಎಂದು ಹೆಸರಿಟ್ಟಿದ್ದಳು.

ನಾವು ಹೋದ ಸಂಜೆಯೇ ಅನಾಹುತವಾಯಿತು. ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಹಿತ್ತಲಿನಿಂದ ಚೀರಾಟ ಕೇಳಿಸಿತು. ಕಾಂಪೌಂಡಿನ ಸಂದಿಯಿಂದ ನುಗ್ಗಿದ ಬೀದಿನಾಯಿಯೊಂದು ಚುಕ್ಕಿಯ ತೊಡೆಗೆ ಬಾಯಿ ಹಾಕಿತ್ತು. ಯಜಮಾನರು ಕೋಲು ಹಿಡಿದು ಓಡಿದ್ದರಿಂದ ನಾಯಿಯು ಬಿಟ್ಟು ಹೋಯಿತು. ರಕ್ತ ಸುರಿಸುತ್ತ ಚುಕ್ಕಿಯು ಕುಂಟಿಕೊಂಡು ತನ್ನ ಬಳಗದ ಕಡೆಗೆ ನಡೆಯಿತು. ಆಗ ನಡೆದದ್ದು ನಾಯಿಯ ಕಡಿತಕ್ಕಿಂತಲೂ ಆ ಮಗುವನ್ನು ಹೆಚ್ಚು ನೋಯಿಸಿತು. ಕೋಳಿಗಳು ಸುತ್ತುವರಿದು ಆ ಕೆಂಪು ಗಾಯವನ್ನೇ ಕುಕ್ಕತೊಡಗಿದವು. ಕಾವು ಕೊಟ್ಟು ಮರಿಮಾಡಿದ ತಾಯಿಕೋಳಿಯೂ ಅವುಗಳಲ್ಲಿ ಒಂದಾಗಿತ್ತು.

ಮಗುವು ಬಾತುವನ್ನು ಎತ್ತಿಕೊಂಡು ಅಳುತ್ತ ಬಂದು ನಮ್ಮನ್ನು ಕೇಳಿದಳು: "ಗುರುಗಳೇ, ಕೋಳಿಗೆ ಒಂದು ಗುಟುಕು ಸಿಕ್ಕರೂ ತನ್ನ ಬಳಗವನ್ನೆಲ್ಲ ಕರೆಯುತ್ತದೆ ಅಂತ ನೀವೇ ಪ್ರವಚನದಲ್ಲಿ ಹೇಳಿದ್ರಲ್ಲ. ಮತ್ತೆ ಇವು ಯಾಕೆ ಹೀಗೆ ಮಾಡಿದವು?"

1913ರಲ್ಲಿ ಹರ್ಡೇಕರ ಮಂಜಪ್ಪನವರೂ ವಿರಕ್ತಮಠದ ಮೃತ್ಯುಂಜಯ ಅಪ್ಪಗಳೂ ಬಸವ ಜಯಂತಿಯ ಆಚರಣೆಗೆ ನಾಂದಿ ಹಾಡಿದ ಊರು ದಾವಣಗೆರೆ. ಇಲ್ಲಿಯ ಮಕ್ಕಳಿಗೂ ಬಸವಣ್ಣನವರ ಮಾತು ಪರಿಚಿತ. ಕಾಗೆ, ಕೋಳಿಗಳು ಬಳಗವನ್ನು ಕರೆಯುವುದನ್ನು ತೋರಿಸಿ, ಭಕ್ತಿಪಕ್ಷವಿಲ್ಲದ ಭಕ್ತನನ್ನು ಅಣ್ಣನವರು ಎಚ್ಚರಿಸಿದ ವಚನವನ್ನು ನಾವು ಎಷ್ಟೋ ವೇದಿಕೆಗಳಲ್ಲಿ ವಿವರಿಸಿದ್ದೇವೆ. ಆದರೆ ಆ ಮಗುವಿನ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ಕೊಡಲು ನಮ್ಮಿಂದಾಗಲಿಲ್ಲ.

ಅಷ್ಟರಲ್ಲಿ ನೆರೆಹೊರೆಯವರು ಸೇರಿದರು. ಒಬ್ಬರು ಗಾಯಕ್ಕೆ ಒತ್ತಲು ಕಾಫಿಪುಡಿ ತಂದರು. ಮತ್ತೊಬ್ಬರು ಸೀಮೆಎಣ್ಣೆ ಸವರಿರೆಂದರು. ಇನ್ನೊಬ್ಬರು ಕೊಕ್ಕನ್ನು ಬಿಡಿಸಿ ನೀರು ಹೊಯ್ಯಲು ಮುಂದಾದರು. "ಇನ್ನು ಇದು ಉಳಿಯೋದಿಲ್ಲ, ಯಾರಿಗಾದರೂ ಕೊಟ್ಟುಬಿಡಿ, ನಾಲ್ಕು ಕಾಸಾದರೂ ಬರುತ್ತೆ" ಎಂದವರೂ ಇದ್ದರು. ಕೊಡುವುದೆಂದರೆ ಯಾರಿಗೆ, ಯಾತಕ್ಕೆ ಎಂಬುದು ಮಗುವಿಗೂ ತಿಳಿಯಿತು. ಅವಳು ಬಾತುವನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

ಪುಣ್ಯವಶಾತ್ ಪಕ್ಕದ ಬೀದಿಯಲ್ಲಿಯೇ ನಿವೃತ್ತ ಪಶುವೈದ್ಯರೊಬ್ಬರಿದ್ದರು. ಅವರು ಬಂದವರೇ ಮೊದಲು ಮಗುವಿನ ಹಿಡಿತವನ್ನು ಸಡಿಲಿಸಿದರು. ಪಕ್ಷಿಗಳಿಗೆ ನಮ್ಮಂತೆ ವಪೆಯಿಲ್ಲ; ಅವು ಎದೆಯ ಮೂಳೆಯನ್ನು ಏರಿಳಿಸಿ ಉಸಿರಾಡುತ್ತವೆ; ಎದೆಯನ್ನು ಒತ್ತಿ ಹಿಡಿದರೆ ಪ್ರೀತಿಯಿಂದಲೇ ಉಸಿರು ಕಟ್ಟೀತು ಎಂದು ತಿಳಿಸಿದರು. ಬಾತುವನ್ನು ಕಾಲು ಹಿಡಿದು ಎತ್ತಬಾರದು, ಮೈಯ ಅಡಿಗೆ ಕೈಕೊಟ್ಟು ರೆಕ್ಕೆಗಳನ್ನು ಮೆಲ್ಲಗೆ ಒತ್ತಿಕೊಂಡು ಎತ್ತಬೇಕು ಎಂದು ತೋರಿಸಿಕೊಟ್ಟರು. ಬಾಯಿಗೆ ನೀರು ಹೊಯ್ಯುವುದನ್ನು ತಡೆದರು. ನಾಲಗೆಯ ಬುಡದಲ್ಲಿಯೇ ಶ್ವಾಸನಾಳದ ಬಾಯಿ ಇರುವುದರಿಂದ, ಆಘಾತಗೊಂಡ ಪಕ್ಷಿಗೆ ಬಲವಂತವಾಗಿ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದಂತೆ. ನೀರನ್ನು ಮುಂದಿಡಬೇಕು, ಕುಡಿಯುವುದು ಅದರ ಇಚ್ಛೆ.

ಶುದ್ಧವಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿಹಿಡಿದು ರಕ್ತವನ್ನು ನಿಲ್ಲಿಸಿದರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಚಮಚ ಉಪ್ಪು ಬೆರೆಸಿ ಗಾಯವನ್ನು ತೊಳೆದರು. ನೀರಿನಲ್ಲಿ ತೆಳುವಾಗಿಸಿದ ಅಯೋಡಿನ್ ದ್ರಾವಣವನ್ನು ಹಚ್ಚಿದರು. ಮೂಳೆ ಮುರಿದಿರಲಿಲ್ಲ. ಆದರೆ ನಾಯಿಯ ಹಲ್ಲಿನ ಗಾಯವು ಹೊರಗೆ ಸಣ್ಣ ತೂತಾಗಿ ಕಂಡರೂ ಒಳಗೆ ಆಳವಾಗಿರುತ್ತದೆ, ಬಾಯಿಯ ರೋಗಾಣುಗಳು ಒಳಸೇರಿರುತ್ತವೆ. ಆದ್ದರಿಂದ ಐದು ದಿನಗಳ ಔಷಧಿಯನ್ನು ಪಕ್ಷಿಯ ತೂಕಕ್ಕೆ ತಕ್ಕಂತೆ ತಾವೇ ಗೊತ್ತುಮಾಡಿದರು. ಮನುಷ್ಯರ ನೋವಿನ ಗುಳಿಗೆಯನ್ನು ಪುಡಿಮಾಡಿ ಕೊಡಬಾರದೆಂದು ಒತ್ತಿ ಹೇಳಿದರು. ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು ಪಡೆದ ಜಾನುವಾರುಗಳು ಸತ್ತಾಗ ಅವುಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಅಳಿದುಹೋದುದರಿಂದಲೇ 2006ರಲ್ಲಿ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಬೇಕಾಯಿತು. ಔಷಧಿ ನಡೆಯುವಾಗ ಮತ್ತು ಆಮೇಲೆ ವೈದ್ಯರು ಹೇಳಿದಷ್ಟು ದಿನ ಆ ಬಾತು ಇಟ್ಟ ಮೊಟ್ಟೆಯನ್ನು ಯಾರಿಗೂ ತಿನ್ನಲು ಕೊಡಬಾರದು ಎಂಬ ಮಾತನ್ನೂ ಸೇರಿಸಿದರು.

"ಈ ಒಂದು ರಾತ್ರಿ ಕತ್ತಲು, ಬೆಚ್ಚನೆ, ಮೌನ, ಇವು ಮೂರೇ ಇದಕ್ಕೆ ಬೇಕಾದದ್ದು" ಎಂದು ಹೇಳಿ ಅವರು ಹೊರಟರು. ದೊಡ್ಡ ಮಂಕರಿಯೊಳಗೆ ಗೋಣಿಚೀಲ ಹಾಸಿ, ಬಿಸಿನೀರಿನ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಮಗ್ಗುಲಿಗೆ ಇಟ್ಟರು. ಈಗಿನ ಎಲ್‌ಇಡಿ ದೀಪಗಳು ಹಿಂದಿನ ಬಲ್ಬುಗಳಂತೆ ಶಾಖ ಕೊಡುವುದಿಲ್ಲವಾದ್ದರಿಂದ ಮಳೆಗಾಲದ ಚಳಿಗೆ ಶೀಶೆಯೇ ಮೇಲು.

ಇನ್ನು ನಮ್ಮ ತಪ್ಪಿನ ವಿಚಾರ. ಮರುದಿನ ಬೆಳಿಗ್ಗೆ ಯಜಮಾನರು ಮುಂದೇನು ಮಾಡುವುದೆಂದು ನಮ್ಮನ್ನೇ ಕೇಳಿದರು. ಮಠದಲ್ಲಿ ಬೆಳೆದ ನಮಗೆ ಏಕಾಂತದ ಮೇಲೆ ಬಲವಾದ ವಿಶ್ವಾಸ. ನೊಂದ ಜೀವಕ್ಕೆ ಏಕಾಂತವೇ ಔಷಧಿ, ಗಾಯ ಮಾಯುವವರೆಗೂ ಕತ್ತಲ ಕೋಣೆಯಲ್ಲಿಯೇ ಇರಲಿ ಎಂದುಬಿಟ್ಟೆವು. ವೈದ್ಯರು ಒಂದು ರಾತ್ರಿಗೆ ಹೇಳಿದ್ದನ್ನು ನಾವು ವಾರಗಳಿಗೆ ವಿಸ್ತರಿಸಿದ್ದೆವು. ಗುರುಗಳು ಹೇಳಿದ ಮೇಲೆ ಎದುರಾಡುವರಾರು? ಚುಕ್ಕಿಯು ಉಗ್ರಾಣದ ಮೂಲೆಯನ್ನು ಸೇರಿತು. ನಾಲ್ಕನೆಯ ದಿನ ನಾವು ಮತ್ತೆ ಹೋದಾಗ ಗಾಯವು ಒಣಗುತ್ತ ಬಂದಿತ್ತು. ಆದರೆ ಬಾತುವು ಆಹಾರವನ್ನು ಮುಟ್ಟಿರಲಿಲ್ಲ. ಕತ್ತನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿಕೊಂಡು, ಕರೆದರೂ ತಿರುಗಿ ನೋಡದೆ ಕುಳಿತಿತ್ತು. ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು.

ವೈದ್ಯರನ್ನು ಮತ್ತೆ ಕರೆಸಿದರು. ಅವರು ನಮ್ಮನ್ನು ನೋಯಿಸದ ಹಾಗೆ, ಆದರೆ ಸ್ಪಷ್ಟವಾಗಿ ಹೇಳಿದರು: "ಗುರುಗಳೇ, ಹಿಂಡಿನ ಪ್ರಾಣಿಗೆ ಏಕಾಂತವೆಂದರೆ ಸೆರೆಮನೆ. ಗಾಯ ಮಾಯುವ ಮೊದಲೇ ಇದು ಕೊರಗಿ ಸಾಯುತ್ತದೆ. ಅಷ್ಟೇ ಅಲ್ಲ, ಬಹಳ ದಿನ ಕಣ್ಮರೆಯಾದ ಹಕ್ಕಿಯನ್ನು ಬಳಗವು ಹೊಸಬರಂತೆ ಕಂಡು ಹೊಡೆಯುತ್ತದೆ. ಬಳಗಕ್ಕೆ ಇದು ಕಾಣಬೇಕು, ಇದಕ್ಕೆ ಬಳಗ ಕಾಣಬೇಕು. ಆದರೆ ಕೊಕ್ಕು ತಾಗಬಾರದು."

ಆಗ ಮಗುವಿನ ಪ್ರಶ್ನೆಗೂ ಅವರೇ ಉತ್ತರಿಸಿದರು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಒಂದು ಕ್ರಮವಿದೆ. ಅದನ್ನು 1920ರ ದಶಕದ ಆರಂಭದಲ್ಲಿ ನಾರ್ವೆ ದೇಶದ ಷೆಲ್ಡರಪ್-ಎಬ್ಬೆ ಎಂಬ ವಿದ್ವಾಂಸರು ವಿವರಿಸಿದರು. ಕುಗ್ಗಿದ ಹಕ್ಕಿಯು ಆ ಶ್ರೇಣಿಯಲ್ಲಿ ತಳಕ್ಕಿಳಿಯುತ್ತದೆ. ಅದರ ಮೇಲೆ ಕೆಂಪು ಬಣ್ಣವು ಕೋಳಿಯ ಕಣ್ಣನ್ನು ಸೆಳೆಯುತ್ತದೆ; ಕಂಡದ್ದನ್ನು ಕುಕ್ಕಿ ನೋಡುವುದು ಅದರ ಸ್ವಭಾವ. ಒಂದು ಕುಕ್ಕಿದರೆ ಉಳಿದವೂ ಕುಕ್ಕುತ್ತವೆ. ಅದರಲ್ಲಿ ದ್ವೇಷವಿಲ್ಲ, ವಿವೇಕವೂ ಇಲ್ಲ.

ಹಿತ್ತಲಿನ ಜಗಲಿಯ ಒಂದು ಮೂಲೆಗೆ ತಂತಿಜಾಲರಿಯನ್ನು ಕಟ್ಟಿ ಚುಕ್ಕಿಗೆ ಮನೆ ಮಾಡಿದರು. ಸಿಮೆಂಟಿನ ನುಣುಪು ನೆಲದಲ್ಲಿ ಕುಂಟುಕಾಲು ಜಾರುವುದರಿಂದ ಗೋಣಿಯ ಮೇಲೆ ಭತ್ತದ ಹುಲ್ಲನ್ನು ಹಾಸಿ, ಒದ್ದೆಯಾದಾಗಲೆಲ್ಲ ಬದಲಿಸಿದರು. ಮೂಗಿನ ಹೊಳ್ಳೆ, ಕಣ್ಣುಗಳನ್ನು ಅದ್ದಿ ತೊಳೆದುಕೊಳ್ಳುವಷ್ಟು ಆಳವಾದ ಬೋಗುಣಿಯನ್ನು ಇರಿಸಿದರು. ನೀರಿಲ್ಲದೆ ಒಣ ಆಹಾರವನ್ನು ಬಾತುವು ನುಂಗಲಾರದು. ಗಾಯ ಮುಚ್ಚುವವರೆಗೆ ತೊಟ್ಟಿಗೆ ಇಳಿಸಲಿಲ್ಲ. ಕೊಳಕು ನೀರು ಗಾಯಕ್ಕೆ ವಿಷ. ನೊಣ ಕುಳಿತರೆ ಹುಳು ಬೀಳುವುದರಿಂದ ದಿನಕ್ಕೆರಡು ಬಾರಿ ಗಾಯವನ್ನು ನೋಡುತ್ತಿದ್ದರು.

ಆಹಾರದಲ್ಲಿಯೂ ಒಂದು ಸೂಕ್ಷ್ಮವಿದೆ. ನಯಾಸಿನ್ ಎಂಬ ಜೀವಸತ್ತ್ವವು ಕೋಳಿಗಿಂತ ಬಾತುವಿಗೆ ಹೆಚ್ಚು ಬೇಕು. ಅದು ಸಾಲದಿದ್ದರೆ ಕಾಲುಗಳು ದುರ್ಬಲವಾಗುತ್ತವೆ. ಅಕ್ಕಿನುಚ್ಚಿಗೆ ತೌಡು, ಸ್ವಲ್ಪ ಶೇಂಗಾಹಿಂಡಿ, ಹೆಚ್ಚಿದ ನುಗ್ಗೆಸೊಪ್ಪನ್ನು ಬೆರೆಸಿ ಕೊಟ್ಟರು. ಆದರೆ ಬೂಸ್ಟು ಹಿಡಿದ ಹಿಂಡಿಯಾಗಲಿ ಮೆಕ್ಕೆಜೋಳವಾಗಲಿ ಬಾತುವಿಗೆ ಮಾರಕ. ಆ ಬೂಸ್ಟಿನ ವಿಷವನ್ನು ಬಾತುಗಳು ಕೋಳಿಗಳಷ್ಟೂ ತಾಳಲಾರವು. ಮೆಕ್ಕೆಜೋಳವನ್ನು ರಾಶಿಗಟ್ಟಲೆ ಬೆಳೆಯುವ ನಮ್ಮ ಜಿಲ್ಲೆಯವರು ಇದನ್ನು ನೆನಪಿಡಬೇಕು.

ಜಾಲರಿಯಾಚೆ ಬಳಗವು ಓಡಾಡುವುದನ್ನು ಕಂಡ ಆ ಸಂಜೆಯೇ ಚುಕ್ಕಿಯು ಕತ್ತೆತ್ತಿತು. ಇನ್ನೊಂದು ಹೆಣ್ಣುಬಾತು ಜಾಲರಿಗೆ ಒರಗಿ ಕುಳಿತುಕೊಂಡಿತು. ಮರುದಿನ ಬೆಳಿಗ್ಗೆ ಬೋಗುಣಿಯ ಆಹಾರ ಅರ್ಧ ಮುಗಿದಿತ್ತು.

ಈ ಮಾತುಕತೆಯನ್ನೆಲ್ಲ ಒಳಕೋಣೆಯ ಅಜ್ಜಿಯು ಕೇಳಿಸಿಕೊಂಡಿದ್ದರು. ಸೊಸೆಯು ಗಂಜಿ ಕೊಡಲು ಹೋದಾಗ ಅವರು ಹೇಳಿದರಂತೆ: "ಬಾತುಕೋಳಿಗೆ ಜಾಲರಿ ಕಟ್ಟಿ ಜಗಲಿಗೆ ತಂದ್ರಲ್ಲವ್ವಾ, ನನ್ನ ಮಂಚಾನೂ ಅಲ್ಲಿಗೇ ಹಾಕ್ರಿ." ಸೊಸೆಯು ಕಣ್ಣೀರು ತುಂಬಿಕೊಂಡು ನಮಗೆ ಇದನ್ನು ತಿಳಿಸಿದಳು. ಆಕೆಯ ಸೇವೆಯಲ್ಲಿ ಕೊರತೆಯೇನೂ ಇರಲಿಲ್ಲ. ಹೊತ್ತುಹೊತ್ತಿಗೆ ಊಟ, ಔಷಧಿ, ಶುಚಿಯಾದ ಹಾಸಿಗೆ ಎಲ್ಲವೂ ನಡೆದಿತ್ತು. "ಅತ್ತೆ, ನೀವು ಏಳಬೇಡಿ, ಮಲಗಿರಿ" ಎಂಬ ಮಾತು ಪ್ರೀತಿಯದೇ. ಆದರೆ ವೈದ್ಯರು ವಾಕರ್ ಹಿಡಿದು ನಡೆಯಲು ಹೇಳಿ ವಾರಗಳಾಗಿದ್ದರೂ ಅಜ್ಜಿ ಎದ್ದಿರಲಿಲ್ಲ. ಊಟವೂ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಬಂದವರು ಬಾಗಿಲಲ್ಲಿ ನಿಂತು ಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ನಾವೂ ಹಾಗೆಯೇ ಮಾಡಿದ್ದೆವು.

ಮಂಚವು ಜಗಲಿಗೆ ಬಂದಿತು. ಚುಕ್ಕಿಯನ್ನು ಕಾಯುವ ಕಾಯಕ ಅಜ್ಜಿಯದಾಯಿತು. ನೊಣ ಕುಳಿತಿತೇ, ನೀರು ಚೆಲ್ಲಿತೇ, ಕಾಗೆ ಬಂದಿತೇ ಎಂದು ನೋಡುವವರು ಅವರೇ. ಎರಡು ವಾರ ಕಳೆಯುವಷ್ಟರಲ್ಲಿ ಗಾಯದ ಮೇಲೆ ಚರ್ಮ ಕೂಡಿತು. ಆಮೇಲೆ ದಿನವೂ ದೊಡ್ಡ ಟಬ್ಬಿನ ಉಗುರುಬೆಚ್ಚನೆಯ ನೀರಿನಲ್ಲಿ ಚುಕ್ಕಿಯನ್ನು ಹತ್ತು ನಿಮಿಷ ತೇಲಲು ಬಿಡುತ್ತಿದ್ದರು. ಮೈಭಾರವನ್ನು ನೀರು ಹೊತ್ತಾಗ ನೊಂದ ಕಾಲು ಹೆದರಿಕೆಯಿಲ್ಲದೆ ಆಡುತ್ತದೆ. ಟಬ್ಬಿನ ಬಳಿ ಇರಬೇಕೆಂಬ ಹಟದಿಂದ ಅಜ್ಜಿಯು ಮೊದಲ ಸಲ ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆದರು.

ಬಳಗಕ್ಕೆ ಮರಳಿಸುವ ಕೆಲಸವನ್ನು ಆತುರಪಡಿಸಲಿಲ್ಲ. ಹೊಸದಾಗಿ ಮೂಡುವ ಎಳೆಗರಿಯ ಕಡ್ಡಿಯೊಳಗೆ ರಕ್ತವಿರುತ್ತದೆ. ಅದನ್ನು ಕೋಳಿಗಳು ಕುಕ್ಕಿದರೆ ಮತ್ತೆ ಗಾಯವಾಗುತ್ತದೆ. ಗರಿಗಳು ಬಲಿತು ಕೆಂಪು ಪೂರ್ತಿ ಮರೆಯಾದ ಮೇಲೆ, ನಾಲ್ಕನೆಯ ವಾರದಲ್ಲಿ, ಮೊದಲು ಹೆಣ್ಣುಬಾತು ಮತ್ತು ತಾಯಿಕೋಳಿಗಳೊಡನೆ ಮಾತ್ರ ಸಂಜೆ ಅರ್ಧ ಗಂಟೆ ಬಿಟ್ಟರು. ಮೂರು ದಿನಗಳ ಬಳಿಕ ಉಳಿದ ಹೇಂಟೆಗಳು, ಕೊನೆಯಲ್ಲಿ ಹುಂಜ. ಗಂಡುಬಾತು ಮೇಲೇರಿ ತುಳಿದರೆ ಕಾಲು ಮತ್ತೆ ನೋಯುವುದರಿಂದ ಅದನ್ನು ಇನ್ನೂ ಎರಡು ವಾರ ಬೇರೆಯೇ ಇಟ್ಟರು. ಕಾಳನ್ನು ಒಂದೇ ಕಡೆ ಸುರಿಯದೆ ನಾಲ್ಕು ಕಡೆ ಚೆಲ್ಲಿದರು, ನೀರನ್ನು ಎರಡು ಕಡೆ ಇಟ್ಟರು. ಅನ್ನ ಅಗಲವಾಗಿದ್ದಲ್ಲಿ ಜಗಳ ಕಿರಿದಾಗುತ್ತದೆ. ಅಜ್ಜಿಯು ಕುರ್ಚಿಯಲ್ಲಿ ಕೋಲು ಹಿಡಿದು ಕುಳಿತಿದ್ದರು. ಕರಿಹೇಂಟೆಯೊಂದು ಎರಡು ಸಲ ಕುಕ್ಕಿದಾಗ ಮಗುವು ಓಡಿಬಂದಳು. "ತಡಿ ಕೂಸೇ, ಒಂದೆರಡು ಕುಕ್ಕು ಇದ್ದದ್ದೇ. ರಕ್ತ ಬಂದ್ರೆ ಎತ್ತಿಕೊಳ್ಳೋಣ" ಎಂದು ಅಜ್ಜಿ ತಡೆದರು. ಚುಕ್ಕಿಯು ಪಕ್ಕಕ್ಕೆ ಸರಿಯಿತು. ಕರಿಹೇಂಟೆ ತನ್ನ ಕಾಳಿಗೆ ಮರಳಿತು.

ಓದುಗರ ಉಪಯೋಗಕ್ಕಾಗಿ ಎರಡು ಎಚ್ಚರಿಕೆಗಳು. 2020ರ ಮಾರ್ಚ್ ತಿಂಗಳಲ್ಲಿ ನಮ್ಮ ಜಿಲ್ಲೆಯದೇ ಆದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಆ ರೋಗವನ್ನು ಬಾತುಗಳು ಲಕ್ಷಣವಿಲ್ಲದೆಯೂ ಹೊತ್ತಿರಬಲ್ಲವು. ಆದ್ದರಿಂದ ಕೆರೆಯ ಬಳಿ ಬಿದ್ದ ಹಕ್ಕಿಯನ್ನು ಮನೆಯ ಹಿಂಡಿಗೆ ತಂದು ಸೇರಿಸಬಾರದು. ಬಳಗದಲ್ಲಿ ಒಂದರ ಹಿಂದೆ ಒಂದು ಸಾಯತೊಡಗಿದರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಪಕ್ಷಿಗಳನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಎರಡನೆಯದು, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಜೀವಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯ. ಕಾಂಪೌಂಡಿನ ಆ ಸಂದಿಯನ್ನು ಮೊದಲೇ ಮುಚ್ಚಿದ್ದರೆ ಇಷ್ಟೆಲ್ಲ ನಡೆಯುತ್ತಲೇ ಇರಲಿಲ್ಲ. ಯಜಮಾನರು ಈಗ ಅದನ್ನು ಇಟ್ಟಿಗೆಯಿಂದ ಕಟ್ಟಿಸಿದ್ದಾರೆ.

ಮಗುವಿನ ಪ್ರಶ್ನೆಗೆ ನಾವೂ ಉತ್ತರಿಸಬೇಕಷ್ಟೆ. ಬಸವಣ್ಣನವರು ಕೋಳಿಯಲ್ಲಿ ಒಂದು ಗುಣವನ್ನು ಕಂಡರು, ಅದನ್ನು ನಮಗೆ ತೋರಿಸಿದರು. ಕೋಳಿಯನ್ನೇ ಪೂರ್ತಿಯಾಗಿ ಅನುಸರಿಸಿರೆಂದು ಅವರು ಹೇಳಲಿಲ್ಲ. ಕಾಳು ಕಂಡಾಗ ಕರೆಯುವುದೂ ಗಾಯ ಕಂಡಾಗ ಕುಕ್ಕುವುದೂ ಕೋಳಿಗೆ ಒಂದೇ ಹುಟ್ಟುಗುಣ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅರಿವು ಮನುಷ್ಯನಿಗೆ ಮಾತ್ರ ದೊರೆತಿದೆ. ನಮ್ಮ ಸಮಾಜದಲ್ಲಿಯೂ ಬಳಗದವರು ಸೋತಾಗ, ವ್ಯಾಪಾರ ಮುಳುಗಿದಾಗ, ಮಗಳು ತವರಿಗೆ ಮರಳಿದಾಗ, ಆ ಕೆಂಪನ್ನೇ ಹುಡುಕಿ ಕುಕ್ಕುವ ನಾಲಗೆಗಳಿಲ್ಲವೇ? ಹಾಗೆ ಕುಕ್ಕದವರು ಬಹುಮಟ್ಟಿಗೆ ನಾವು ಮಾಡಿದಂತೆ ಮಾಡುತ್ತಾರೆ. ನೊಂದವರನ್ನು ಗೌರವದಿಂದಲೇ ಒಳಕೋಣೆಗೆ ಸೇರಿಸಿ ಬಾಗಿಲು ಮುಚ್ಚುತ್ತಾರೆ. ನಡುವೆ ಒಂದು ಜಾಲರಿಯಿರಲಿ, ಆದರೆ ಮುಖ ಕಾಣುತ್ತಿರಲಿ, ಕೈಗೊಂದು ಕಾಯಕವಿರಲಿ ಎಂಬ ಮೂರನೆಯ ದಾರಿಯನ್ನು ನಮಗೆ ಒಬ್ಬ ಪಶುವೈದ್ಯರು ತೋರಿಸಿಕೊಟ್ಟರು.

ದಸರೆಯ ಹೊತ್ತಿಗೆ ನಾವು ಮತ್ತೊಮ್ಮೆ ಆ ಮನೆಗೆ ಹೋಗಿದ್ದೆವು. ಚುಕ್ಕಿಯು ಇನ್ನೂ ಸ್ವಲ್ಪ ಕುಂಟುತ್ತದೆ. ಬಹುಶಃ ಮುಂದೆಯೂ ಕುಂಟುತ್ತದೆ. ಸಾಲಿನಲ್ಲಿ ಅದರದು ಕೊನೆಯ ಸ್ಥಾನ. ಆದರೂ ಅದು ಸಾಲಿನಲ್ಲಿದೆ. ಅಜ್ಜಿಯು ವಾಕರ್ ಹಿಡಿದು ಜಗಲಿಯವರೆಗೆ ತಾವೇ ಬಂದು ನಮಗೆ ಶರಣು ಹೇಳಿದರು. ಅವರ ಮಂಚ ಮತ್ತೆ ಒಳಕೋಣೆಗೆ ಹೋಗಿರಲಿಲ್ಲ.

ನಿಮ್ಮ ಮನೆಯ ಒಳಕೋಣೆಯಲ್ಲಿ ಯಾರಾದರೂ ಮಲಗಿದ್ದರೆ, ಈ ಪತ್ರಿಕೆಯನ್ನು ಮಡಿಸಿಟ್ಟು ಒಮ್ಮೆ ಅವರ ಬಳಿ ಹೋಗಿ ಕುಳಿತುಕೊಳ್ಳಿರಿ ಎಂದು ಬಿನ್ನವಿಸುತ್ತೇವೆ.